ಸ್ವಂತ ಉದ್ಯಮಕ್ಕೆ ಇಳಿಯುವ ಮುನ್ನ: ಯುವಜನರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಮುಗಿಸಿದವರು, ಎರಡು-ಮೂರು ವರ್ಷ ಕೆಲಸ ಮಾಡಿ ಬೇಸತ್ತವರು, ಊರಿಗೆ ಮರಳಿ ಏನಾದರೂ ಶುರು ಮಾಡಬೇಕೆಂದುಕೊಂಡವರು, ಅವರ ಅಪ್ಪ-ಅಮ್ಮ, ಎಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳನ್ನು ಕರ್ನಾಟಕದವರನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಕೇಂದ್ರದ ಕಾನೂನುಗಳು ದೇಶಕ್ಕೆಲ್ಲ ಒಂದೇ. ಯೋಜನೆಗಳ ಮಿತಿ ಮತ್ತು ಅವಧಿ ಆಗಾಗ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ಆಯಾ ಪೋರ್ಟಲ್ ಒಮ್ಮೆ ನೋಡಿಕೊಳ್ಳಿ.

ರಿಸ್ಕ್ ತಗೊಳ್ಳೋ ಧೈರ್ಯ ನನಗಿಲ್ಲ. ಹಾಗಾದ್ರೆ ಉದ್ಯಮ ನನ್ನಂಥವರಿಗಲ್ಲ ಅಂತಾನಾ?

ಅಲ್ಲ. ಧೈರ್ಯ ಹುಟ್ಟಿನಿಂದ ಬರಬೇಕು ಎಂಬ ನಂಬಿಕೆಯೇ ನಮ್ಮ ಎಷ್ಟೋ ಹುಡುಗ-ಹುಡುಗಿಯರನ್ನು ತಡೆದು ನಿಲ್ಲಿಸಿದೆ. ಭಯ ಹುಟ್ಟುವುದು ಎಷ್ಟು ಹೋಗಬಹುದು ಎಂಬುದು ಗೊತ್ತಿಲ್ಲದಾಗ. ಆ ಮೊತ್ತವನ್ನು ಕಾಗದದ ಮೇಲೆ ಬರೆದರೆ ಭಯಕ್ಕೊಂದು ಅಂಚು ಬರುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಹಿರಿಯರು ಹೇಳಿದಾಗ ಕಾಲು ಮಡಚಿಕೊಂಡು ಕೂರು ಎಂದು ಕೇಳಿಸಿಕೊಳ್ಳುತ್ತೇವೆ. ಅವರು ಹೇಳಿದ್ದು ಹಾಸಿಗೆಯನ್ನು ಅಳೆ ಎಂದು.

ಅಳೆಯುವುದು ಹೀಗೆ. ನಿಮ್ಮ ಉಳಿತಾಯ 3 ಲಕ್ಷ, ಮನೆಗೆ ನೀವು ಕೊಡಲೇಬೇಕಾದ ಖರ್ಚು ತಿಂಗಳಿಗೆ 14,000 ಎಂದುಕೊಳ್ಳಿ. ಹನ್ನೆರಡು ತಿಂಗಳಿಗೆ 1,68,000 ರೂಪಾಯಿ ಪಕ್ಕಕ್ಕಿಡಿ, ಅದು ಉದ್ಯಮದ ಹಣವಲ್ಲ. ಆಸ್ಪತ್ರೆ, ಆಕಸ್ಮಿಕ ಎಂದು 30,000 ತೆಗೆದಿಡಿ. ಉಳಿದದ್ದು ಸುಮಾರು 1 ಲಕ್ಷ. ನಿಮ್ಮ ರಿಸ್ಕ್ ಎಂದರೆ ಅಷ್ಟೇ. ಅದರ ಪಕ್ಕದಲ್ಲಿ ಒಂದು ದಿನಾಂಕ ಬರೆಯಿರಿ: ಈ ದಿನದೊಳಗೆ ಇಷ್ಟು ಗಿರಾಕಿಗಳು ಆಗದಿದ್ದರೆ ನಿಲ್ಲಿಸುತ್ತೇನೆ. ಇವೆರಡನ್ನೂ ಮನೆಯವರ ಮುಂದೆ ಓದಿ. ನಷ್ಟವಾಗುತ್ತಿರುವಾಗ "ಇನ್ನೊಂದು ತಿಂಗಳು ನೋಡೋಣ" ಎನ್ನುವುದು ಸಹಜ. ಮೊದಲೇ ಬರೆದಿಟ್ಟ ದಿನಾಂಕ ಆಗ ನಿಮ್ಮ ಪರವಾಗಿ ಮಾತಾಡುತ್ತದೆ.

ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ (ಇಂದು ದೊಡ್ಡ ಔಷಧ ಕಂಪನಿ) ಶುರು ಮಾಡಿದ್ದು 10,000 ರೂಪಾಯಿ ಬಂಡವಾಳದಲ್ಲಿ, ಬಾಡಿಗೆ ಗ್ಯಾರೇಜಿನಲ್ಲಿ. ಮೊದಮೊದಲು ತೆಗೆದದ್ದು ಪರಂಗಿಹಣ್ಣಿನ ಪಪೇನ್ ಕಿಣ್ವ. ದೊಡ್ಡದಾಗಿ ಬೆಳೆದ ಎಷ್ಟೋ ಉದ್ಯಮಗಳ ಮೊದಲ ಪಣ ಹೀಗೆ ಸಣ್ಣದೇ ಆಗಿತ್ತು.

ಮಗ ಇದ್ದ ಕೆಲಸ ಬಿಡ್ತೀನಿ ಅಂತಿದ್ದಾನೆ. ಒಪ್ಪಬೇಕಾ?

ಒಪ್ಪಿಗೆ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದುವರೆಗೆ ಗುರುತು ಪರಿಚಯವಿಲ್ಲದ ಎಷ್ಟು ಜನ ದುಡ್ಡು ಕೊಟ್ಟು ಕೊಂಡಿದ್ದಾರೆ? ಒಂದು ಮಾರಾಟಕ್ಕೆ ಎಷ್ಟು ಉಳಿಯುತ್ತದೆ? ಎಷ್ಟು ಹೋದರೆ ನಿಲ್ಲಿಸುತ್ತೀಯ? ಯಾವ ದಿನ? ನಾಲ್ಕಕ್ಕೂ ಅಂಕಿಯಲ್ಲಿ ಉತ್ತರ ಬಂದರೆ ಹುಡುಗ ಕೆಲಸ ಮಾಡಿದ್ದಾನೆ ಎಂದರ್ಥ. "ಮಾರ್ಕೆಟ್ ತುಂಬಾ ದೊಡ್ಡದಿದೆ ಅಪ್ಪ" ಎಂದರೆ ಇನ್ನೂ ಮೂರು ತಿಂಗಳು ಕೆಲಸದಲ್ಲಿರಲಿ.

ನೀವು ಕೊಡಬಹುದಾದ ದೊಡ್ಡ ಸಹಾಯ ಬಂಡವಾಳವಲ್ಲ. ಒಂದು ವರ್ಷ ಮನೆಯ ಊಟ, ತಲೆಯ ಮೇಲೊಂದು ಸೂರು, ಮತ್ತು "ಪಕ್ಕದ ಮನೆಯವನು ಸೆಟ್ಲ್ ಆದ" ಎನ್ನದಿರುವುದು. ಇಷ್ಟು ಸಿಕ್ಕರೆ ಅವನ ಖರ್ಚು ಅರ್ಧವಾಗುತ್ತದೆ. ಇರುವ ಒಂದೇ ಮನೆಯನ್ನು, ಹೊಲವನ್ನು, ಅಮ್ಮನ ಒಡವೆಯನ್ನು ಮೊದಲ ಪ್ರಯತ್ನಕ್ಕೆ ಅಡಮಾನ ಇಡಬೇಡಿ. ಇದನ್ನು ನಾವು ಖಂಡಿತವಾಗಿ ಹೇಳುತ್ತೇವೆ. ಮನೆ ಪಣಕ್ಕಿದ್ದರೆ ಹುಡುಗ ನಿಲ್ಲಿಸಬೇಕಾದ ಹೊತ್ತಲ್ಲಿ ನಿಲ್ಲಿಸುವುದಿಲ್ಲ.

ಹೆಚ್ಚಿನವರು ಮರೆಯುವ ಒಂದು ವಿಷಯ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಚಿಕಿತ್ಸೆಗೆ ಮೊದಲ 30 ದಿನ ಹಣ ಸಿಗುವುದಿಲ್ಲ, ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ರಾಜೀನಾಮೆಗೆ ಎರಡು ತಿಂಗಳ ಮುಂಚೆಯೇ ಸ್ವಂತ ಪಾಲಿಸಿ ತೆಗೆದುಕೊಳ್ಳಲಿ.

ಕೆಲಸದಲ್ಲಿದ್ದುಕೊಂಡೇ ಶುರು ಮಾಡಬಹುದಾ?

ಖಾಸಗಿ ಕೆಲಸದಲ್ಲಿದ್ದರೆ ನೇಮಕಾತಿ ಪತ್ರ ಓದಿ. ಬೇರೆ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಇದ್ದರೆ ಲಿಖಿತ ಅನುಮತಿ ಕೇಳಿ. ಕೆಲಸದ ಅವಧಿಯಲ್ಲಿ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ನೀವು ಬರೆದ ಕೋಡ್, ಮಾಡಿದ ವಿನ್ಯಾಸ ಕಂಪನಿಯದ್ದೆಂದು ಅದೇ ಪತ್ರದಲ್ಲಿ ಬರೆದಿರುವುದುಂಟು. ಸ್ವಂತ ಯಂತ್ರ, ಸ್ವಂತ ಇಮೇಲ್, ಸ್ವಂತ ಹೊತ್ತು, ಈ ಮೂರನ್ನೂ ಬೇರೆಯಾಗಿಡಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳು ಅಡ್ಡ ಬರುತ್ತವೆ, ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ.

"ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ಉದ್ಯಮ ಮಾಡುವಂತಿಲ್ಲ" ಎಂಬ ಷರತ್ತಿಗೆ ಹೆದರಿ ಕೂತವರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಕೆಲಸ ಬಿಟ್ಟ ನಂತರ ವೃತ್ತಿ ಮಾಡದಂತೆ ತಡೆಯುವ ಕರಾರು ಸಿಂಧುವಲ್ಲ. ಆದರೆ ಹಳೆಯ ಕಂಪನಿಯ ಗಿರಾಕಿಗಳ ಪಟ್ಟಿ, ಗುಟ್ಟಿನ ಮಾಹಿತಿ ಹೊತ್ತೊಯ್ಯುವುದು ಬೇರೆ ಮಾತು. ಅದಕ್ಕೆ ಮೊಕದ್ದಮೆ ಬೀಳಬಹುದು.

ಹೊಸ ಐಡಿಯಾ ಹೊಳೆಯುತ್ತಲೇ ಇಲ್ಲ.

ಹೊಸದೇ ಆಗಬೇಕಿಲ್ಲ. ಜನ ಬೈದುಕೊಂಡು ಸಹಿಸುತ್ತಿರುವ ತೊಂದರೆ ಹುಡುಕಿ. ಫಣೀಂದ್ರ ಸಾಮಾ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ್ದರಿಂದ 2006ರಲ್ಲಿ ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಹುಟ್ಟಿತು. ಆ ಪರದಾಟ ಲಕ್ಷಾಂತರ ಜನರದ್ದಾಗಿತ್ತು.

ಪರೀಕ್ಷೆ ಮಾಡುವಾಗ ಸ್ನೇಹಿತರನ್ನು ಕೇಳಬೇಡಿ, ಅವರು ಚೆನ್ನಾಗಿದೆ ಎನ್ನುತ್ತಾರೆ. ಪರಿಚಯವಿಲ್ಲದ 20 ಜನರ ಬಳಿ ಹೋಗಿ. "ಇಂಥದ್ದು ಬಂದರೆ ಕೊಳ್ಳುತ್ತೀರಾ?" ಎಂದೂ ಕೇಳಬೇಡಿ. "ಈಗ ಇದಕ್ಕೆ ಏನು ಮಾಡುತ್ತಿದ್ದೀರಿ, ಕಳೆದ ತಿಂಗಳು ಎಷ್ಟು ಖರ್ಚಾಯಿತು?" ಎಂದು ಕೇಳಿ. ಕೊನೆಗೆ ಸಣ್ಣ ಮುಂಗಡ ಕೇಳಿ, 100 ರೂಪಾಯಿ ಆದರೂ ಸರಿ. ಇಪ್ಪತ್ತರಲ್ಲಿ ಮೂವರೂ ಮುಂಗಡ ಕೊಡದಿದ್ದರೆ ಸರಕನ್ನೋ ಬೆಲೆಯನ್ನೋ ಬದಲಿಸಿ ಮತ್ತೆ 20 ಜನರ ಬಳಿ ಹೋಗಿ. ಈ ಓಡಾಟಕ್ಕೆ ಖರ್ಚಾಗುವುದು ಬಸ್ ಚಾರ್ಜು ಮಾತ್ರ.

ಲಾಭ ಬರುತ್ತೋ ಇಲ್ಲವೋ ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲಿಯೇ. ಖಡಕ್ ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವ ಸಣ್ಣ ಘಟಕವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಊಹಿಸಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಹತ್ತು ರೊಟ್ಟಿಯ ಒಂದು ಪ್ಯಾಕೆಟ್‌ಗೆ ಹಿಟ್ಟು 28, ಗ್ಯಾಸ್ 5, ಕೂಲಿ 15, ಪ್ಯಾಕಿಂಗ್ 5, ಸಾಗಣೆ 5, ಒಟ್ಟು 58 ರೂಪಾಯಿ. ಅಂಗಡಿಯವರಿಗೆ 70ಕ್ಕೆ ಕೊಟ್ಟರೆ 12 ಉಳಿಯಿತು ಎನಿಸುತ್ತದೆ. ಆದರೆ ದಾರಿಯಲ್ಲಿ ಮುರಿದದ್ದು, ಅಂಗಡಿಯಿಂದ ವಾಪಸ್ ಬಂದದ್ದು ಸೇರಿ ನೂರಕ್ಕೆ ಎಂಟು ಪ್ಯಾಕೆಟ್ ಹೋದರೆ ಮಾರಾಟವಾದ ಒಂದೊಂದು ಪ್ಯಾಕೆಟ್‌ನ ನಿಜವಾದ ಖರ್ಚು 63. ಉಳಿಯುವುದು 7.

ಇನ್ನು ಮಾರಿದರೂ ಮಾರದಿದ್ದರೂ ತಪ್ಪದ ಖರ್ಚು: ಬಾಡಿಗೆ 4,000, ಕರೆಂಟು-ಫೋನು-ರಿಪೇರಿ 2,000, ಸಾಲದ ಕಂತು 4,000. ತಿಂಗಳಿಗೆ 10,000. ಇದನ್ನು 7ರಿಂದ ಭಾಗಿಸಿದರೆ 1,429 ಪ್ಯಾಕೆಟ್. 26 ದಿನಕ್ಕೆ ಹಂಚಿದರೆ ದಿನಕ್ಕೆ 55. "ಪರವಾಗಿಲ್ಲ, ಆಗುತ್ತೆ" ಎಂದು ಇಲ್ಲಿಗೇ ನಿಲ್ಲಿಸುತ್ತಾರೆ.

ಈ ಲೆಕ್ಕದಲ್ಲಿ ನಿಮ್ಮ ಸಂಬಳ ಎಲ್ಲಿದೆ? 15,000 ಸೇರಿಸಿ ನೋಡಿ. 25,000ವನ್ನು 7ರಿಂದ ಭಾಗಿಸಿದರೆ 3,571 ಪ್ಯಾಕೆಟ್, ದಿನಕ್ಕೆ 137. ಮುರಿಯುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು 1,500 ರೊಟ್ಟಿ ಬಡಿಯಬೇಕು. ಅಷ್ಟಕ್ಕೆ ಎಷ್ಟು ಕೈ ಬೇಕು, ಎಷ್ಟು ಒಲೆ ಬೇಕು, ಎಷ್ಟು ಅಂಗಡಿ ಬೇಕು ಎಂಬ ಪ್ರಶ್ನೆ ಈಗ ಎದ್ದು ನಿಲ್ಲುತ್ತದೆ.

ಇಂಥ ಹೊತ್ತಲ್ಲಿ "ದೊಡ್ಡ ಯಂತ್ರ ತರೋಣ" ಎನ್ನುವವರೇ ಹೆಚ್ಚು. ಮೊದಲು ಮುರಿತ ನೋಡಿ. ಗಟ್ಟಿ ರಟ್ಟಿನ ಪೆಟ್ಟಿಗೆ ಬಳಸಿ, ವಾರಕ್ಕೊಮ್ಮೆ ಹಾಕುವ ಬದಲು ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿ, ನಷ್ಟವನ್ನು ನೂರಕ್ಕೆ ಮೂರಕ್ಕೆ ಇಳಿಸಿದರೆ ಖರ್ಚು 60ಕ್ಕೆ ಬರುತ್ತದೆ, ಉಳಿಕೆ 10 ಆಗುತ್ತದೆ. ಬೇಕಾದ ಪ್ಯಾಕೆಟ್ ದಿನಕ್ಕೆ 137ರಿಂದ 96ಕ್ಕೆ ಇಳಿಯುತ್ತದೆ. ಪೆಟ್ಟಿಗೆಗೆ ಪ್ಯಾಕೆಟ್‌ಗೆ ಒಂದು ರೂಪಾಯಿ ಜಾಸ್ತಿ ಹಿಡಿದರೂ ದಿನಕ್ಕೆ 107 ಸಾಕು. ಹೊಸ ಸಾಲವೇ ಬೇಕಿಲ್ಲ.

ಮಾರಾಟ ಚೆನ್ನಾಗಿದೆ, ಆದರೆ ಕೈಯಲ್ಲಿ ದುಡ್ಡಿಲ್ಲ. ಯಾಕೆ?

ಉದ್ರಿ. ಮೇಲಿನ ಘಟಕವನ್ನೇ ನೋಡಿ: ತಿಂಗಳಿಗೆ 3,571 ಪ್ಯಾಕೆಟ್ ಹಾಕಿ ಅಂಗಡಿಗಳು 30 ದಿನಕ್ಕೆ ದುಡ್ಡು ಕೊಟ್ಟರೆ, ಸುಮಾರು 2.25 ಲಕ್ಷ ರೂಪಾಯಿಯ ನಿಮ್ಮ ಖರ್ಚು ಸದಾ ಬೇರೆಯವರ ಕಪಾಟಿನಲ್ಲಿ ಕೂತಿರುತ್ತದೆ. ಯಂತ್ರಕ್ಕೆಂದು ಸಾಲ ತೆಗೆಯುವವರು ಉದ್ರಿಗೆಂದು ದುಡಿಯುವ ಬಂಡವಾಳ (ದಿನನಿತ್ಯದ ಖರ್ಚಿನ ಹಣ) ಕೇಳುವುದಿಲ್ಲ. ಆರನೇ ತಿಂಗಳಲ್ಲಿ ಹಿಟ್ಟಿಗೆ ದುಡ್ಡಿಲ್ಲದೆ ಒಲೆ ಆರುತ್ತದೆ. ಲಾಭದಲ್ಲಿದ್ದುಕೊಂಡೇ ಮುಚ್ಚುವ ಉದ್ಯಮಗಳಿಗೆ ಇದೇ ಕಾರಣ.

ಮೊದಲ ಮೂರು ತಿಂಗಳು ನಗದಿಗೆ ಮಾತ್ರ ಕೊಡಿ, ಬೇಕಿದ್ದರೆ ಒಂದೆರಡು ರೂಪಾಯಿ ಕಡಿಮೆ ಮಾಡಿ. ಉದ್ರಿ ಕೊಡಲೇಬೇಕಾದರೆ ಹಳೆಯ ಬಾಕಿ ಬಂದ ಮೇಲೆ ಹೊಸ ಸರಕು ಎಂಬ ನಿಯಮ ಇಡಿ.

ಕಂಪನಿಗಳಿಗೆ ಸರಕು ಅಥವಾ ಸೇವೆ ಕೊಡುವವರಾದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ ನಿಮ್ಮ ಕಡೆಗಿದೆ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಅವರು ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಹಾಕಬಹುದು. ಆದರೆ ಸರಕು ಕೊಡುವ ಮುಂಚೆಯೇ ಉದ್ಯಮ್ ನೋಂದಣಿ (ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಆಗಿರಬೇಕು, ಬಿಲ್ಲಿನ ಮೇಲೆ ಆ ಸಂಖ್ಯೆ ಮುದ್ರಿಸಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ; ಆಧಾರ್, ಪ್ಯಾನ್ ಇದ್ದರೆ ಸಾಕು. ಅದಕ್ಕೆ ಎರಡು-ಮೂರು ಸಾವಿರ ಕೇಳುವ ಜಾಲತಾಣಗಳು ಸರ್ಕಾರದ್ದಲ್ಲ.

ಪ್ರೈವೇಟ್ ಲಿಮಿಟೆಡ್ ಮಾಡಿದರೆ ಮಾತ್ರ ಮರ್ಯಾದೆ ಅಂತಾರೆ. ನಿಜವೇ?

ಗಿರಾಕಿ ಅದನ್ನು ನೋಡುವುದೇ ಇಲ್ಲ. ಪರೀಕ್ಷೆಯ ಹಂತದಲ್ಲಿ ಒಬ್ಬರೇ ಇದ್ದರೆ ಏಕವ್ಯಕ್ತಿ ಮಾಲೀಕತ್ವ ಸಾಕು: ಉದ್ಯಮ್ ನೋಂದಣಿ, ಚಾಲ್ತಿ ಖಾತೆ, ಸ್ಥಳೀಯ ಸಂಸ್ಥೆಯ ಪರವಾನಗಿ, ತಿನಿಸಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ. ನಿಲ್ಲಿಸುವುದೂ ಸುಲಭ. ಕೊರತೆ ಒಂದೇ, ಉದ್ಯಮದ ಸಾಲ ನಿಮ್ಮ ಸ್ವಂತ ಸಾಲವೇ ಆಗುತ್ತದೆ.

ಹೊರಗಿನ ಹೂಡಿಕೆ ತರುವವರಿಗೆ, ನೌಕರರಿಗೆ ಷೇರು ಕೊಡುವವರಿಗೆ ಪ್ರೈವೇಟ್ ಲಿಮಿಟೆಡ್ ಬೇಕೇ ಬೇಕು. ಉಳಿದವರಿಗೆ ಅದು ಭಾರ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ವರ್ಷ ವರ್ಷ ಆಡಿಟ್ ಆಗಬೇಕು, ಕಂಪನಿ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ ಮತ್ತು ವಾರ್ಷಿಕ ವರದಿ ಹೋಗಬೇಕು. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ. ಮೂರು ವರ್ಷ ಸತತ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಉತ್ಸಾಹದಲ್ಲಿ ಕಂಪನಿ ತೆರೆದು, ಬಿಟ್ಟು, ಇನ್ನೊಂದು ಕೆಲಸಕ್ಕೆ ಸೇರಿ ಮರೆತವರಿಗೆ ಎರಡನೇ ಉದ್ಯಮ ಶುರು ಮಾಡುವಾಗ ಇದು ಅಡ್ಡ ನಿಲ್ಲುತ್ತದೆ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ನಡುವಿನ ದಾರಿ. ಹೊಣೆ ಸೀಮಿತ, ಮತ್ತು ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದವರೆಗೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಕಡ್ಡಾಯವಲ್ಲ.

ಹೆಸರು ಗಟ್ಟಿಯಾಯಿತೆಂದರೆ ಟ್ರೇಡ್‌ಮಾರ್ಕ್ ಮಾಡಿಸಿ. ವ್ಯಕ್ತಿಗಳು, ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಅವಧಿ 10 ವರ್ಷ. ಪೆಟ್ಟಿಗೆ, ಬೋರ್ಡು ಮುದ್ರಿಸುವ ಮುಂಚೆಯೇ ಟ್ರೇಡ್‌ಮಾರ್ಕ್ ಪೋರ್ಟಲ್‌ನಲ್ಲಿ ಆ ಹೆಸರು ಬೇರೆಯವರದ್ದೇ ಎಂದು ಹುಡುಕಿ.

ಮೂವರು ಸ್ನೇಹಿತರು ಸೇರಿ ಮಾಡ್ತಿದ್ದೇವೆ. ನಮ್ಮ ನಡುವೆ ಕಾಗದ-ಪತ್ರ ಬೇಕಾ?

ಸ್ನೇಹ ಉಳಿಯಬೇಕೆಂದರೆ ಬೇಕು. ಪಾಲುದಾರಿಕೆಯಲ್ಲಿ ಒಬ್ಬ ಮಾಡಿದ ಸಾಲಕ್ಕೆ ಮೂವರೂ ಹೊಣೆ, ಅದೂ ತಮ್ಮ ಪಾಲಿನಷ್ಟಕ್ಕಲ್ಲ, ಪೂರ್ತಿಗೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೋಂದಣಿಯಾಗದ ಸಂಸ್ಥೆ ಕರಾರಿನ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡಲಾಗದು.

ಪತ್ರದಲ್ಲಿ ಇರಬೇಕಾದ್ದು: ಯಾರು ಎಷ್ಟು ಹಣ ಹಾಕಿದರು, ಯಾರು ಪೂರ್ಣಾವಧಿ ದುಡಿಯುತ್ತಾರೆ, ಬ್ಯಾಂಕಿನಲ್ಲಿ ಯಾರ ಸಹಿ, ಎಷ್ಟಕ್ಕಿಂತ ಹೆಚ್ಚಿನ ಖರ್ಚಿಗೆ ಮೂವರ ಒಪ್ಪಿಗೆ, ಒಬ್ಬ ಹೊರಟರೆ ಅವನಿಗೆ ಯಾವ ಲೆಕ್ಕದಲ್ಲಿ ಹಣ. ಜಗಳ ಹೆಚ್ಚು ಬರುವುದು ಕೊನೆಯದರಲ್ಲಿ. ಕಂಪನಿಯಾದರೆ ಷೇರನ್ನು ಒಂದೇ ದಿನ ಹಂಚಬೇಡಿ. ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟವರಿಗೆ ಇಲ್ಲ ಎಂದು ಬರೆದುಕೊಳ್ಳಿ. ಎಂಟನೇ ತಿಂಗಳಲ್ಲಿ ವಿದೇಶಕ್ಕೆ ಹೋದ ಗೆಳೆಯನ ಹೆಸರಿನಲ್ಲಿ ಮೂರನೇ ಒಂದು ಪಾಲು ಕೂತಿದ್ದರೆ ಹೂಡಿಕೆದಾರರು ಹಿಂದೆ ಸರಿಯುತ್ತಾರೆ.

ಅಡಮಾನಕ್ಕೆ ಏನೂ ಇಲ್ಲ. ಬ್ಯಾಂಕ್ ಸಾಲ ಕೊಡುತ್ತಾ?

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. 2015ರ ಏಪ್ರಿಲ್‌ನಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ತೀರಿಸಿದವರಿಗೆ ತರುಣ್ ಪ್ಲಸ್‌ನಲ್ಲಿ 20 ಲಕ್ಷದವರೆಗೆ. ಇದಕ್ಕೆ ಏಜೆಂಟರು ಬೇಕಿಲ್ಲ. ಫೋನಿನಲ್ಲಿ "ಮುದ್ರಾ ಮಂಜೂರಾಗಿದೆ, ಶುಲ್ಕ ಕಳಿಸಿ" ಎಂದರೆ ಅದು ಮೋಸ.

ಹೊಸ ಘಟಕಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಹೆಚ್ಚು ಉಪಯೋಗಿ. 2025-26ರವರೆಗಿನ ಅವಧಿಗೆ ಇದ್ದ ನಿಯಮದಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಹಾಯಧನ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದವರಿಗೆ ಶೇ 25 ಮತ್ತು ಶೇ 35. ಹಳ್ಳಿಯ ಯುವತಿಯೊಬ್ಬಳು 10 ಲಕ್ಷದ ಘಟಕ ಹಾಕಿದರೆ ಅವಳ ಕೈಯಿಂದ 50,000, ಬ್ಯಾಂಕಿನಿಂದ 9.5 ಲಕ್ಷ, ಸಹಾಯಧನ 3.5 ಲಕ್ಷ. ಆದರೆ ಆ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಸಹಾಯಧನ ಬಂದ ತಕ್ಷಣ ಬಾಗಿಲು ಹಾಕುವ ಲೆಕ್ಕಾಚಾರ ನಡೆಯುವುದಿಲ್ಲ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗದು, ಆತುರದಲ್ಲಿ ಯಂತ್ರ ಕೊಂಡು ಆಮೇಲೆ ಅರ್ಜಿ ಹಾಕಿದವರು ಕಳೆದುಕೊಂಡಿದ್ದಾರೆ. ಜಾಗದ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ.

ಅರ್ಜಿ ತಿರಸ್ಕಾರವಾಗಲು ಸಾಮಾನ್ಯ ಕಾರಣಗಳು ಎರಡು-ಮೂರೇ. ಹಳೆಯ ಬೈಕ್ ಸಾಲದ, ಮೊಬೈಲ್ ಕಂತಿನ ಬಾಕಿಯಿಂದ ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆಗೆ ಸಿಗುವ ಅಂಕ) ಬಿದ್ದಿರುವುದು. ಯಾರದ್ದೋ ಯೋಜನಾ ವರದಿಯನ್ನು ನಕಲು ಮಾಡಿ, ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆಗೇ ತಡವರಿಸುವುದು. ಕೊಳ್ಳಲಿರುವ ಯಂತ್ರದ ದರಪಟ್ಟಿ ಇಲ್ಲದಿರುವುದು. ಮೇಲಿನ ರೊಟ್ಟಿ ಲೆಕ್ಕದಂಥ ಒಂದು ಪುಟ, ಮುಂಗಡ ಕೊಟ್ಟವರ ಪಟ್ಟಿ, ಆರು ತಿಂಗಳ ಖಾತೆ ವಿವರ ಕೈಯಲ್ಲಿದ್ದರೆ ಮಾತಿನ ದಾರಿಯೇ ಬೇರೆಯಾಗುತ್ತದೆ. ಸಾಲದ ಆ್ಯಪ್‌ಗಳಿಂದ ಬಂಡವಾಳ ಎತ್ತಬೇಡಿ. ಜಾಮೀನು ಹಾಕುವ ಮಾವನಿಗೂ ಒಂದು ಮಾತು ತಿಳಿಸಿ: ಕಾನೂನಿನ ಕಣ್ಣಿಗೆ ಜಾಮೀನುದಾರನೂ ಸಾಲಗಾರನಷ್ಟೇ ಹೊಣೆಗಾರ.

ಯುಪಿಐ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತಾ?

2025ರ ಜುಲೈನಲ್ಲಿ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಹಲವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬರೆದರು. ತೆರಿಗೆ ಬೀಳುವುದು ವಹಿವಾಟಿಗೆ, ಹಣ ಹೇಗೆ ಬಂತು ಎಂಬುದಕ್ಕಲ್ಲ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ತರಕಾರಿ, ಹಾಲು, ಹೂವಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ಬೇಡ, ಆದರೆ ಬಿಲ್ಲು ಇಟ್ಟುಕೊಂಡಿರಿ. ಹೊರ ರಾಜ್ಯಕ್ಕೆ ತೆರಿಗೆಯ ಸರಕು ಮಾರುವವರಿಗೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ.

1.5 ಕೋಟಿವರೆಗಿನ ವಹಿವಾಟಿಗೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ, ಒಟ್ಟು ವಹಿವಾಟಿನ ಮೇಲೆ ಸಣ್ಣ ನಿಗದಿತ ದರ: ತಯಾರಕರು, ವ್ಯಾಪಾರಿಗಳಿಗೆ ಶೇ 1, ಹೋಟೆಲಿಗೆ ಶೇ 5. ಆದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ಒಂದೇ ಖಾತೆ ಇದ್ದರೆ ಚೀಟಿ ಹಣ, ತಮ್ಮನಿಂದ ಬಂದ ಕೈಸಾಲ ಎಲ್ಲವೂ ವಹಿವಾಟಿನಂತೆ ಕಾಣುತ್ತದೆ. ಮೊದಲ ದಿನವೇ ಬೇರೆ ಖಾತೆ ತೆರೆಯಿರಿ.

ರಿಸ್ಕ್ ತಗೊಳ್ಳಬೇಕು ಅಂತ ಆಪ್ಷನ್ ಟ್ರೇಡಿಂಗ್ ಮಾಡ್ತಿದ್ದೀನಿ. ಇದೂ ಉದ್ಯಮ ತಾನೇ?

ಅಲ್ಲ, ದಯವಿಟ್ಟು ನಿಲ್ಲಿಸಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ (ಷೇರು ಬೆಲೆಯ ಏರಿಳಿತದ ಮೇಲಿನ, ಅವಧಿಗೆ ಮುಗಿಯುವ ಕರಾರುಗಳು) ಆಡಿದ ನೂರರಲ್ಲಿ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಆಡಿದವರಲ್ಲಿ 30 ವರ್ಷದೊಳಗಿನವರು 2023-24ರಲ್ಲಿ ನೂರಕ್ಕೆ 43ರಷ್ಟಿದ್ದರು. ಉದ್ಯಮದ ರಿಸ್ಕಿನಲ್ಲಿ ನಿಮ್ಮ ಕೆಲಸ ಫಲವನ್ನು ಬದಲಿಸುತ್ತದೆ: ಪೆಟ್ಟಿಗೆ ಗಟ್ಟಿ ಮಾಡಿದರೆ ಮುರಿತ ಇಳಿಯುತ್ತದೆ. ಸೋತರೂ ಕಲಿತ ಕೈ, ಗುರುತಿನ ಗಿರಾಕಿ ಉಳಿಯುತ್ತಾರೆ. ಆಪ್ಷನ್‌ನ ಅವಧಿ ಮುಗಿದ ಮೇಲೆ ಏನೂ ಉಳಿಯುವುದಿಲ್ಲ. "ಇಬ್ಬರನ್ನು ಸೇರಿಸು, ಅವರು ನಾಲ್ವರನ್ನು ಸೇರಿಸಲಿ" ಎನ್ನುವ ಚೈನ್ ವ್ಯವಹಾರಗಳಿಗೂ ಇದೇ ಉತ್ತರ. ಅಂಥವನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಸೋತರೆ ಏನು ಮಾಡೋದು? ಸಿಬಿಲ್, ಮದುವೆ, ಮುಂದಿನ ಕೆಲಸ ಎಲ್ಲ ಹೋಗುತ್ತಾ?

ಅರ್ಧಕ್ಕೆ ಬಿಟ್ಟು ಓಡಿದರೆ ತೊಂದರೆ. ಕ್ರಮವಾಗಿ ಮುಚ್ಚಿದರೆ ಇಲ್ಲ.

ಕಂತು ಕಟ್ಟಲಾಗದೆಂದು ಗೊತ್ತಾದ ತಿಂಗಳೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆ ಕೇಳಿ. 90 ದಿನ ಬಾಕಿಯಾದರೆ ಸಾಲ ಅನುತ್ಪಾದಕವೆಂದು ದಾಖಲಾಗುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲಿ ಹೆಚ್ಚೇನಿಲ್ಲ. ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡರೆ ಸಿಬಿಲ್‌ನಲ್ಲಿ "ಸೆಟಲ್ಡ್" ಎಂದು ಉಳಿದು ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆ. ಆದಷ್ಟು ಪೂರ್ತಿ ಕಟ್ಟಿ "ಕ್ಲೋಸ್ಡ್" ಮಾಡಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಮುಂದಿನ ದಿನಾಂಕದ ಚೆಕ್ ಯಾರಿಗಾದರೂ ಕೊಟ್ಟಿದ್ದರೆ ಅದನ್ನು ಮೊದಲು ತೀರಿಸಿ. ಚೆಕ್ ಬೌನ್ಸ್ ಕ್ರಿಮಿನಲ್ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟು ದಂಡ ಆಗಬಹುದು. ನೋಟಿಸ್ ಬಂದ 15 ದಿನದೊಳಗೆ ಹಣ ಕೊಟ್ಟರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ನಂತರ ಕೆಲಸಗಾರರ ಕೂಲಿ, ಸರಕು ಕೊಟ್ಟವರ ಬಾಕಿ. ಜಿಎಸ್‌ಟಿ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಹಾಕಬೇಕು, ಇದನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ಕಂಪನಿಯಾಗಿದ್ದರೆ ಹೆಸರು ತೆಗೆಸುವ ಅರ್ಜಿ ಹಾಕಿ.

ಕೆಲಸದ ಸಂದರ್ಶನದಲ್ಲಿ ಈ ಅವಧಿಯನ್ನು ಮುಚ್ಚಿಡಬೇಡಿ. ಎಷ್ಟು ಗಿರಾಕಿ, ಎಷ್ಟು ವಹಿವಾಟು, ಯಾವ ಲೆಕ್ಕ ತಪ್ಪಿತು ಎಂದು ಅಂಕಿಯಲ್ಲಿ ಹೇಳಿದರೆ ಅದು ಅನುಭವ ಪತ್ರಕ್ಕಿಂತ ಮೇಲು. ಮದುವೆಯ ಮಾತಿಗೆ ನಮ್ಮ ಬಳಿ ಕಾನೂನಿನ ಉತ್ತರವಿಲ್ಲ. ಬಾಕಿ ಉಳಿಸದೆ ಮುಚ್ಚಿದವರ ಪ್ರಾಮಾಣಿಕತೆಯನ್ನು ಊರು ಬೇಗ ಮರೆಯುವುದಿಲ್ಲ, ಅಷ್ಟು ಹೇಳಬಲ್ಲೆವು.

ಇನ್ನೂ ಓದ್ತಾ ಇದ್ದೀನಿ. ಈಗಲೇ ಶುರು ಮಾಡಲಾ?

ಮಾಡಿ, ಆದರೆ ಓದು ಬಿಡಬೇಡಿ. ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಅಡಿಯ ಕಾಲೇಜುಗಳಿಗೆ 2019ರ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿ ಇದೆ. ಉದ್ಯಮಕ್ಕಾಗಿ ಸೆಮಿಸ್ಟರ್ ವಿರಾಮ, ಹಾಜರಾತಿಯಲ್ಲಿ ಸಡಿಲಿಕೆ ಕೊಡಲು ಅದು ಅವಕಾಶ ಮಾಡಿಕೊಡುತ್ತದೆ. ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿ. ಅಧ್ಯಾಪಕರಿಗೆ ಒಂದು ವಿನಂತಿ: ಪ್ರಬಂಧ ಸ್ಪರ್ಧೆ, ಪೋಸ್ಟರ್ ಸ್ಪರ್ಧೆ ಇನ್ನು ಸಾಕು ಮಾಡಿ. ಹತ್ತು ಮಕ್ಕಳ ತಂಡಕ್ಕೆ 2,000 ರೂಪಾಯಿ ಕೊಟ್ಟು ಎರಡು ವಾರ ಬಿಡಿ, ಕೊನೆಗೆ ಲೆಕ್ಕದ ಪುಸ್ತಕಕ್ಕೆ ಅಂಕ ಕೊಡಿ, ಲಾಭಕ್ಕಲ್ಲ. ನಷ್ಟವಾದ ತಂಡ ಯಾಕೆ ಎಂದು ಸರಿಯಾಗಿ ಬರೆದಿದ್ದರೆ ಪೂರ್ತಿ ಅಂಕ ಸಿಗಲಿ.

ಮೊದಲು ಯಾರ ಹತ್ತಿರ ಹೋಗಬೇಕು?

ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ಪಿಎಂಇಜಿಪಿ ಅರ್ಜಿ, ರಾಜ್ಯದ ಸಹಾಯಧನಗಳ ವಿವರ ಅಲ್ಲಿ ಸಿಗುತ್ತದೆ. ಕೈಕಸುಬಿನ ತರಬೇತಿ ಬೇಕಿದ್ದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಹೋಗಿ. ಊಟ, ವಸತಿ ಸಹಿತ ತರಬೇತಿ ಉಚಿತ. ಈ ಮಾದರಿ ಹುಟ್ಟಿದ್ದೇ ನಮ್ಮಲ್ಲಿ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಶುರುವಾದ ರುಡ್‌ಸೆಟ್ ಅನ್ನು ನೋಡಿಯೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇವನ್ನು ತೆರೆದದ್ದು. ಧಾರವಾಡದಲ್ಲಿ ಸಿಡಾಕ್ (ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಇದೆ. ತಂತ್ರಜ್ಞಾನದ ಉದ್ಯಮವಾದರೆ ರಾಜ್ಯದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಷೇರು ಬಿಟ್ಟುಕೊಡಬೇಕಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಬೆಂಗಳೂರಿನ ಐಐಎಂನ ಸ್ಟಾರ್ಟಪ್ ಕೇಂದ್ರ ಎನ್‌ಎಸ್‌ಆರ್‌ಸಿಇಎಲ್ ಹೊಸಬರಿಗೆ ಮಾರ್ಗದರ್ಶನ ಕೊಡುತ್ತವೆ. ಮಹಿಳೆಯರು ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯನ್ನೂ ವಿಚಾರಿಸಿ.

ಹೋಗುವಾಗ ಆಧಾರ್, ಪ್ಯಾನ್, ಜಾತಿ ಪ್ರಮಾಣಪತ್ರ ಅನ್ವಯಿಸಿದರೆ ಅದು, ಬ್ಯಾಂಕ್ ಪುಸ್ತಕ, ಯಂತ್ರದ ಎರಡು ಬೇರೆ ಬೇರೆ ಮಾರಾಟಗಾರರ ದರಪಟ್ಟಿ, ಮತ್ತು ಇಪ್ಪತ್ತು ಜನರನ್ನು ಕೇಳಿ ಬರೆದುಕೊಂಡ ಆ ಹಾಳೆ ಜೊತೆಗಿರಲಿ.